ಹುಳುಕು ಹಲ್ಲು, ಬಿಗಿದ ಕೊರಳು

1836ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ವೈದ್ಯ ವಿಲ್ಹೆಲ್ಮ್ ಫ್ರೆಡ್ರಿಕ್ ಫಾನ್ ಲುಡ್ವಿಗ್ ಕುತ್ತಿಗೆಯ ಒಂದು ಭೀಕರ ಸೋಂಕನ್ನು ವಿವರಿಸಿದರು. ಗದ್ದದ ಕೆಳಗೆ ಹಲಗೆಯಂತೆ ಗಟ್ಟಿಯಾದ ಬಾವು. ಹಲವರಿಗೆ ಕೆಲವೇ ದಿನಗಳಲ್ಲಿ ಸಾವು. ಅದರ ಹೆಸರು ಇಂದಿಗೂ ‘ಲುಡ್ವಿಗ್ ಆಂಜೈನಾ’.

ಮೂಲ ಬಹುತೇಕ ಹುಳುಕು ದವಡೆಹಲ್ಲು. ಕೆಳದವಡೆಯ ಹಿಂದಿನ ಹಲ್ಲುಗಳ ಬೇರು ಬಾಯಿಯ ತಳದ ಸ್ನಾಯುವಿಗಿಂತ ಕೆಳಗಿಳಿದಿರುತ್ತದೆ. ಅಲ್ಲಿನ ಸೋಂಕು ಕುತ್ತಿಗೆಗೆ ಹರಡಿ, ನಾಲಿಗೆಯನ್ನು ಮೇಲಕ್ಕೂ ಹಿಂದಕ್ಕೂ ನೂಕುತ್ತದೆ. ಆಗ ಉಸಿರು ಕಟ್ಟುತ್ತದೆ.

ಪೆನಿಸಿಲಿನ್ ಬರುವ ಮುನ್ನ ಅರ್ಧಕ್ಕೂ ಹೆಚ್ಚು ರೋಗಿಗಳು ಉಳಿಯುತ್ತಿರಲಿಲ್ಲ. ಆ ಔಷಧಿಗೆ ಭಾರತ ಬಹುಪಾಲು ಆಮದನ್ನೇ ನಂಬಿತ್ತು. ಕೊರತೆ ನೀಗುವ ಕೆಲಸ ಶುರುವಾದದ್ದು ಪುಣೆಯ ಬಳಿ. ನಗರದ ದಕ್ಷಿಣದ ಕೊಂಢವಾದಿಂದ ಊರು ದಾಟಿ ವಾಯವ್ಯಕ್ಕೆ ಹೋದರೆ ಪಿಂಪ್ರಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 1954ರಲ್ಲಿ ಅಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಆಂಟಿಬಯೋಟಿಕ್ಸ್, 1955ರಲ್ಲಿ ಪೆನಿಸಿಲಿನ್ ತಯಾರಿಸತೊಡಗಿತು.

ಇಂದು ಸಾವಿನ ಪ್ರಮಾಣ ಶೇ. 10ರ ಆಸುಪಾಸಿಗೆ ಇಳಿದಿದೆ. ಆದರೆ ಔಷಧಿಯೊಂದೇ ಸಾಲದು. ಮೊದಲು ಉಸಿರಿನ ದಾರಿ ಕಾಯಬೇಕು. ಕೀವಿದ್ದರೆ ಕೊಯ್ದು ತೆಗೆಯಬೇಕು. ಕೆಟ್ಟ ಹಲ್ಲು ಕೀಳಬೇಕು. ಹಲ್ಲುನೋವಿಗೆ ಲವಂಗ ಒತ್ತಿಕೊಂಡು ದಿನ ದೂಡುವವರು ನಮ್ಮಲ್ಲಿ ಈಗಲೂ ಇದ್ದಾರೆ. ಗದ್ದದಡಿ ಬಾವು ಬಂದು ಎಂಜಲು ನುಂಗಲೂ ಕಷ್ಟವಾದರೆ, ಬೆಳಗಾಗಲಿ ಎಂದು ಕಾಯುವಂತಿಲ್ಲ.