ನೃತ್ಯ ಶಿಕ್ಷಣದಲ್ಲಿ ವರ್ಚುವಲ್ ರಿಯಾಲಿಟಿ

ನೃತ್ಯ ಶಿಕ್ಷಣದಲ್ಲಿ ವರ್ಚುವಲ್ ರಿಯಾಲಿಟಿ ಎಂಬುದು ಗಣಕಯಂತ್ರವು ಸೃಷ್ಟಿಸಿದ ಮೂರು ಆಯಾಮದ ನರ್ತಕನನ್ನು ಹೆಡ್‌ಸೆಟ್ ಅಥವಾ ಪರದೆಯಲ್ಲಿ ಕಂಡು, ಅನುಕರಿಸಿ ಕಲಿಯುವ ವಿಧಾನವಾಗಿದೆ. 2011ರಲ್ಲಿ ಹಾಂಗ್‌ಕಾಂಗ್‌ನ ಸಂಶೋಧಕರು ಪ್ರಕಟಿಸಿದ ವ್ಯವಸ್ಥೆಯು ಕಲಿಯುವವರ ಚಲನೆಯನ್ನು ದಾಖಲಿಸಿ, ಮಾದರಿಯೊಂದಿಗೆ ಹೋಲಿಸಿ, ತಪ್ಪಿದ ಅಂಗವನ್ನು ತೋರಿಸುತ್ತಿತ್ತು.

ಪ್ರಾಥಮಿಕ ಶಾಲೆಯಲ್ಲಿ ಬಳಕೆ

ಇಲ್ಲಿನ ಮೊದಲ ಅಡ್ಡಿ ವಯಸ್ಸು. ಮೆಟಾ ಸಂಸ್ಥೆಯು 2023ರಲ್ಲಿ ತನ್ನ ಕ್ವೆಸ್ಟ್ ಹೆಡ್‌ಸೆಟ್‌ಗಳ ಕನಿಷ್ಠ ವಯೋಮಿತಿಯನ್ನು 13ರಿಂದ 10 ವರ್ಷಕ್ಕೆ ಇಳಿಸಿತು. ಆದರೂ ಕರ್ನಾಟಕದ 1ರಿಂದ 4ನೆಯ ತರಗತಿಯ ಬಹುತೇಕ ಮಕ್ಕಳು ಈ ಮಿತಿಗಿಂತ ಕಿರಿಯರು. ಅವರಿಗೆ ಗೋಡೆಯ ಮೇಲೆ ಬಿಂಬಿಸುವ ಮಾದರಿಯೇ ಸೂಕ್ತ.

ನೃತ್ಯದ ಸ್ವರೂಪವೂ ಮುಖ್ಯ. ಭರತನಾಟ್ಯದಲ್ಲಿ ದೃಷ್ಟಿಯು ಹಸ್ತವನ್ನು ಹಿಂಬಾಲಿಸಬೇಕು. ಹೆಡ್‌ಸೆಟ್ ಕಣ್ಣನ್ನು ಮುಚ್ಚುವುದರಿಂದ ಶಿಕ್ಷಕರು ಅದನ್ನು ತಿದ್ದಲಾರರು. ಅಡವುಗಳ ಪಾದವಿನ್ಯಾಸವನ್ನು ನಿಧಾನಗತಿಯಲ್ಲಿ, ಹಿಂದಿನಿಂದಲೂ ನೋಡಿ ಕಲಿಯಲು ಮಾತ್ರ ಇದು ನಿಜಕ್ಕೂ ಉಪಯುಕ್ತ. ಎಚ್.ಡಿ. ಕೋಟೆಯ ಎನ್. ಬೇಗೂರು ಸೇರಿದಂತೆ ಮೈಸೂರು ಸೀಮೆಯ ಶಾಲೆಗಳಿಗೆ ಹತ್ತಿರವಾದ ಕೋಲಾಟ, ಕಂಸಾಳೆಗಳ ಕಥೆಯೇ ಬೇರೆ. ಕೋಲಾಟದಲ್ಲಿ ಎದುರಿನವರ ಕೋಲು ತಾಗಿದಾಗಲೇ ಲಯ ಕೈಗೆ ತಿಳಿಯುತ್ತದೆ. ಕಂಸಾಳೆಯಲ್ಲಿ ಕಂಚಿನ ತಾಳಗಳ ತೂಕವೇ ಮಣಿಕಟ್ಟನ್ನು ಪಳಗಿಸುತ್ತದೆ. ಈ ತೂಕವನ್ನಾಗಲಿ ಪೆಟ್ಟನ್ನಾಗಲಿ ಬಿಂಬವು ನೀಡದು. ಕಣ್ಣು ಮುಚ್ಚಿದ ಮಕ್ಕಳು ಕೋಲು ಬೀಸಿದರೆ ಗಾಯವಾಗುವ ಅಪಾಯವೂ ಇದೆ.