ಪರದೆಯ ಮೇಲಿನ ಎತ್ತರಕ್ಕೆ ಅಳತೆ ಬಂದ ಬಗೆ

ಹಳೆಯ ಸ್ಪೆಕ್ಟ್ರಮ್ ಅನಲೈಸರ್, ಅಂದರೆ ರೋಹಿತ ವಿಶ್ಲೇಷಕದ ಮುಂದೆ ಮೊದಲ ಬಾರಿ ಕುಳಿತವರಿಗೆ ಗೊಂದಲವಾಗುವುದು ಸಹಜ. ಪರದೆಯಲ್ಲಿ ಎಡದಿಂದ ಬಲಕ್ಕೆ ಆವೃತ್ತಿ, ಕೆಳಗಿನಿಂದ ಮೇಲಕ್ಕೆ ಪಾರ ಎಂಬುದೇನೋ ಬೇಗ ತಿಳಿಯುತ್ತದೆ. ಆದರೆ ಆ ಪಾರ ಎಷ್ಟು ಎಂಬ ಅಂಕಿ ಪರದೆಯ ಮೇಲೆಲ್ಲೂ ಇರುವುದಿಲ್ಲ. ಎರಡು ಮೂರು ತಿರುಗುಗುಂಡಿಗಳನ್ನು ನೋಡಿ ನೀವೇ ಲೆಕ್ಕ ಹಾಕಬೇಕು. ಆ ಗುಂಡಿಗಳು ಹೀಗೇಕಿವೆ? ಇದಕ್ಕೆ ಉತ್ತರ ಅವುಗಳ ಇತಿಹಾಸದಲ್ಲಿದೆ.

ದೂರವಾಣಿ ಕೊಟ್ಟ ಮಾನ

ದೂರವಾಣಿಯ ಆರಂಭದ ದಿನಗಳಲ್ಲಿ ಅಮೆರಿಕದ ಎಂಜಿನಿಯರುಗಳು ತಂತಿಯಲ್ಲಿ ಆಗುವ ನಷ್ಟವನ್ನು 'ಇಷ್ಟು ಮೈಲಿ ಪ್ರಮಾಣಿತ ಕೇಬಲ್ಲಿನಷ್ಟು' ಎಂದು ಹೇಳುತ್ತಿದ್ದರು. ಆವೃತ್ತಿ ಬದಲಾದರೆ ಕೇಬಲ್ಲಿನ ನಷ್ಟವೂ ಬದಲಾಗುತ್ತಿದ್ದುದರಿಂದ ಇದು ಸರಿಯಾದ ಮಾನವಾಗಲಿಲ್ಲ. 1920ರ ದಶಕದಲ್ಲಿ ಬೆಲ್ ಸಂಸ್ಥೆ ಇದರ ಬದಲು ಲಾಗರಿದಮ್ ಆಧಾರಿತ ಮಾನವೊಂದನ್ನು ತಂದಿತು. ಅಲೆಕ್ಸಾಂಡರ್ ಗ್ರಹಾಂ ಬೆಲ್ ನೆನಪಿಗೆ 1928ರಲ್ಲಿ ಅದಕ್ಕೆ ಡೆಸಿಬೆಲ್ ಎಂಬ ಹೆಸರಾಯಿತು.

ಡೆಸಿಬೆಲ್ ಕೇವಲ ಅನುಪಾತ. 10 ಡೆಸಿಬೆಲ್ ಎಂದರೆ ಶಕ್ತಿ 10 ಪಟ್ಟು, 20 ಎಂದರೆ 100 ಪಟ್ಟು. ಯಾವುದರ 100 ಪಟ್ಟು ಎಂದು ಹೇಳದಿದ್ದರೆ ಅದು ಅಳತೆಯಾಗದು. ಆದ್ದರಿಂದ ಒಂದು ಮಿಲಿವಾಟನ್ನು ಸೊನ್ನೆ ಎಂದು ಇಟ್ಟುಕೊಂಡು ಡಿಬಿಎಂ ಎಂಬ ಮಾನ ಬಳಕೆಗೆ ಬಂತು. 50 ಓಮ್ ರೋಧದಲ್ಲಿ 0 ಡಿಬಿಎಂ ಎಂದರೆ ಸುಮಾರು 224 ಮಿಲಿವೋಲ್ಟ್.

ಎತ್ತರವಿತ್ತು, ಅಳತೆ ಇರಲಿಲ್ಲ

ರೋಹಿತ ವಿಶ್ಲೇಷಕವು ಮೂಲತಃ ಒಂದು ರೇಡಿಯೊ ಗ್ರಾಹಕ. ಅದು ತನ್ನಷ್ಟಕ್ಕೆ ತಾನೇ ಶ್ರುತಿ ಬದಲಿಸುತ್ತಾ ಹೋಗುತ್ತದೆ, ಸಿಕ್ಕಿದ್ದನ್ನು ಪರದೆಯ ಮೇಲೆ ಬರೆಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರಾಡಾರ್ ಸ್ಪಂದಗಳನ್ನು ಪರೀಕ್ಷಿಸಲು ಇಂಥ ಉಪಕರಣಗಳು ಬೆಳೆದವು. ಎರಡು ಸಂಕೇತಗಳಲ್ಲಿ ಯಾವುದು ಎತ್ತರ ಎಂದು ಅವು ತೋರಿಸುತ್ತಿದ್ದವು. ನಿಜವಾದ ಬೆಲೆ ಬೇಕಾದರೆ ಬೆಲೆ ಗೊತ್ತಿರುವ ಇನ್ನೊಂದು ಸಂಕೇತವನ್ನು ಕೊಟ್ಟು, ಎತ್ತರ ಸರಿಹೊಂದಿಸಿ ಹೋಲಿಸಬೇಕಾಗಿತ್ತು.

1960ರ ದಶಕದ ಕೊನೆಯ ವೇಳೆಗೆ ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಕಂಪನಿ ಈ ಕೊರತೆಯನ್ನು ನೀಗಿಸಿತು. ಅದರ 141ಟಿ ಚೌಕಟ್ಟಿನಲ್ಲಿ ಕೂರಿಸುತ್ತಿದ್ದ 8552 ಮತ್ತು 8553 ಘಟಕಗಳು ಪರದೆಯ ಮೇಲ್ಗೆರೆಗೆ ಡಿಬಿಎಂನಲ್ಲಿ ನಿಶ್ಚಿತ ಬೆಲೆಯನ್ನು ಕೊಟ್ಟವು. ಈ ಬೆಲೆಯೇ ಆಧಾರ ಮಟ್ಟ. ಅದು ಸರಿಯಿದೆಯೇ ಎಂದು ನೋಡಲು 30 ಮೆಗಾಹರ್ಟ್ಸ್ ಆವೃತ್ತಿಯ, ಮೈನಸ್ 30 ಡಿಬಿಎಂ ಮಟ್ಟದ ಸಂಕೇತವೊಂದನ್ನು ಉಪಕರಣದಲ್ಲೇ ಒದಗಿಸಲಾಗಿತ್ತು.

ಎರಡು ಗುಂಡಿ, ಕೆಲವು ದೀಪ

ಆಧಾರ ಮಟ್ಟವನ್ನು ನಿರ್ಧರಿಸುವ ಗುಂಡಿಗಳು ಎರಡು. ಮೊದಲನೆಯದು ಒಳಬರುವ ಸಂಕೇತವನ್ನು 10 ಡೆಸಿಬೆಲ್ ಹೆಜ್ಜೆಗಳಲ್ಲಿ ತಗ್ಗಿಸುವ ಅಟೆನ್ಯುಯೇಟರ್. ಎರಡನೆಯದು ಒಳಗಿನ ವರ್ಧನೆಯನ್ನು ಬದಲಿಸುವ ಗುಂಡಿ. ಇವೆರಡರ ನಡುವೆ ಮಿಕ್ಸರ್ ಎಂಬ ಸೂಕ್ಷ್ಮ ಭಾಗವಿದೆ. ಮೊದಲ ಗುಂಡಿ ಮಿಕ್ಸರನ್ನು ಕಾಯುತ್ತದೆ. ಎರಡನೆಯದು ಮಿಕ್ಸರಿನಿಂದ ಹೊರಬಂದದ್ದನ್ನು ಪರದೆಗೆ ಹೊಂದಿಸುತ್ತದೆ. ಪರದೆಯ ಮೇಲೆ ಎರಡರ ಪರಿಣಾಮವೂ ಒಂದೇ ರೀತಿ ಕಂಡರೂ ಕೆಲಸ ಬೇರೆ ಬೇರೆ.

ಎರಡನ್ನೂ ಕೂಡಿಸಿ ಓದುವಾಗ ತಪ್ಪಾಗದಿರಲೆಂದು ವರ್ಧನೆಯ ಗುಂಡಿಯ ಬಳಿ ಪುಟ್ಟ ದೀಪಗಳನ್ನು ಇಟ್ಟಿದ್ದರು. ಅಟೆನ್ಯುಯೇಟರನ್ನು ತಿರುಗಿಸಿದರೆ ಬೇರೆ ದೀಪ ಹೊತ್ತಿಕೊಳ್ಳುತ್ತದೆ; ಉರಿಯುವ ದೀಪದ ಎದುರಿನ ಸಂಖ್ಯೆಯೇ ಆಧಾರ ಮಟ್ಟ. ಅದು ಮೈನಸ್ 10 ಡಿಬಿಎಂ ಎಂದಿರಲಿ, ಸಂಕೇತದ ತುದಿ ಮೇಲ್ಗೆರೆಗಿಂತ 3 ಮನೆ ಕೆಳಗಿರಲಿ. ಮನೆಯೊಂದಕ್ಕೆ 10 ಡೆಸಿಬೆಲ್ ಆದರೆ ಸಂಕೇತ ಮೈನಸ್ 40 ಡಿಬಿಎಂ, ಅಂದರೆ ಒಂದು ಮೈಕ್ರೊವಾಟಿನ ಹತ್ತನೇ ಒಂದು ಭಾಗ.

ಲಾಗರಿದಮ್ ಅಳತೆಯೇ ಏಕೆ ಎನ್ನುತ್ತೀರಾ? 7 ಮನೆಗಳಲ್ಲಿ 70 ಡೆಸಿಬೆಲ್, ಅಂದರೆ ಶಕ್ತಿಯಲ್ಲಿ ಒಂದು ಕೋಟಿ ಪಟ್ಟು ವ್ಯತ್ಯಾಸ ಒಟ್ಟಿಗೆ ಕಾಣುತ್ತದೆ. ವೋಲ್ಟೇಜನ್ನು ನೇರವಾಗಿ ಬರೆಯುವ ರೇಖೀಯ ಅಳತೆಯಲ್ಲಾದರೆ, ದೊಡ್ಡ ಸಂಕೇತ 8 ಸೆಂ.ಮೀ. ಎತ್ತರ ಇದ್ದಾಗ ಚಿಕ್ಕದು ಮಿಲಿಮೀಟರಿನ ನಲವತ್ತನೇ ಒಂದು ಭಾಗ ಮಾತ್ರ. ಅದು ಕಣ್ಣಿಗೇ ಬೀಳದು.

ನಿಜ ಯಾವುದು, ಹುಸಿ ಯಾವುದು

ಮಿಕ್ಸರಿಗೆ ಮಿತಿಮೀರಿದ ಶಕ್ತಿ ನುಗ್ಗಿದರೆ ಅದರ ಡಯೋಡುಗಳು ಸುಟ್ಟುಹೋಗುತ್ತವೆ. ಇದು ಕಣ್ಣಿಗೆ ಕಾಣುವ ಹಾನಿ. ಕಾಣದ ಹಾನಿ ಇನ್ನೊಂದಿದೆ. ಸುಡುವಷ್ಟಲ್ಲದಿದ್ದರೂ ಸಂಕೇತ ತುಸು ಹೆಚ್ಚಾದರೆ ಮಿಕ್ಸರ್ ತಾನೇ ಹಾರ್ಮೋನಿಕ್‌ಗಳನ್ನು ಹುಟ್ಟಿಸುತ್ತದೆ. ಪರದೆ ಅವನ್ನೂ ಹೊರಗಿನಿಂದ ಬಂದವೆಂಬಂತೆ ತೋರಿಸುತ್ತದೆ. ಶುದ್ಧವಾಗಿರುವ ಪ್ರೇಷಕವೊಂದು ದೋಷಯುಕ್ತವೆಂದು ವರದಿಯಾಗಲು ಇಷ್ಟೇ ಸಾಕು.

ಇದನ್ನು ಕಂಡುಹಿಡಿಯುವ ಉಪಾಯ ಸುಲಭ. ಅಟೆನ್ಯುಯೇಟರನ್ನು 10 ಡೆಸಿಬೆಲ್ ಹೆಚ್ಚಿಸಿ. 141ಟಿಯಲ್ಲಿ ನಿಜವಾದ ಸಂಕೇತಗಳೆಲ್ಲ ಒಂದೊಂದು ಮನೆ ಕೆಳಗಿಳಿಯುತ್ತವೆ. ಮಿಕ್ಸರಿನಲ್ಲಿ ಹುಟ್ಟಿದ ಎರಡನೇ ಹಾರ್ಮೋನಿಕ್ ಸುಮಾರು ಎರಡು ಮನೆ, ಮೂರನೆಯದು ಸುಮಾರು ಮೂರು ಮನೆ ಇಳಿಯುತ್ತವೆ. ಎಲ್ಲವೂ ಸಮನಾಗಿ ಇಳಿದರೆ ಕಂಡದ್ದು ನಿಜ.

ಕೂಡುವ ಕೆಲಸ ಯಂತ್ರಕ್ಕೆ

1978ರಲ್ಲಿ ಅದೇ ಕಂಪನಿಯ 8568ಎ ಬಂದಾಗ ಮೈಕ್ರೊಪ್ರೊಸೆಸರ್ ಈ ಲೆಕ್ಕವನ್ನು ವಹಿಸಿಕೊಂಡಿತು. ಆಧಾರ ಮಟ್ಟ ಅಂಕಿಗಳಲ್ಲಿ ಪರದೆಯ ಮೇಲೆಯೇ ಮೂಡಿತು. ಮೇಲ್ಗೆರೆ ಮುಟ್ಟುವ ಸಂಕೇತವು ಮಿಕ್ಸರಿನಲ್ಲಿ ಸಾಮಾನ್ಯವಾಗಿ ಮೈನಸ್ 10 ಡಿಬಿಎಂ ಮೀರದಂತೆ ಯಂತ್ರವೇ ಅಟೆನ್ಯುಯೇಟರನ್ನು ಆರಿಸಿತು. ಇಂಥ ಯಂತ್ರದಲ್ಲಿ ಅಟೆನ್ಯುಯೇಷನ್ ಹೆಚ್ಚಿಸಿದರೆ ನಿಜ ಸಂಕೇತ ಇದ್ದಲ್ಲೇ ಇರುತ್ತದೆ, ತಳದ ಗದ್ದಲ ಮೇಲೇರುತ್ತದೆ. ಹುಸಿ ಹಾರ್ಮೋನಿಕ್ ತಗ್ಗುತ್ತದೆ. ಪರೀಕ್ಷೆ ಅದೇ, ಕಾಣುವ ರೀತಿ ಬೇರೆ.

ಆದರೆ ಪರದೆಯಾಚೆ ಇರುವ ಸಂಕೇತವನ್ನು ಯಂತ್ರ ಊಹಿಸಲಾರದು. ನೀವು ನೋಡುತ್ತಿರುವ ಆವೃತ್ತಿಯ ಪಕ್ಕದಲ್ಲೇ ಪ್ರಬಲ ಪ್ರೇಷಕವೊಂದಿದ್ದರೆ ಅದೂ ಮಿಕ್ಸರನ್ನು ತಲುಪುತ್ತದೆ. ಆದ್ದರಿಂದ ಉಪಕರಣ ಹಳೆಯದಿರಲಿ ಹೊಸದಿರಲಿ, ಗೊತ್ತಿಲ್ಲದ ಸಂಕೇತವನ್ನು ಜೋಡಿಸುವ ಮೊದಲು ಅಟೆನ್ಯುಯೇಟರನ್ನು ಗರಿಷ್ಠದಲ್ಲಿಡಿ. ಆಮೇಲೆ ಒಂದೊಂದೇ ಹೆಜ್ಜೆ ಇಳಿಸಿ. ಓದಿದ ಅಂಕಿಯನ್ನು ಬರೆದುಕೊಳ್ಳುವ ಮುನ್ನ 10 ಡೆಸಿಬೆಲ್ ಪರೀಕ್ಷೆಯನ್ನು ಒಮ್ಮೆ ಮಾಡಿ ನೋಡಿ.