ಸಂಗ್ಯಾ-ಬಾಳ್ಯಾ

ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದನ್ನು ಆಧರಿಸಿದ ಸಣ್ಣಾಟ. ದೇವರು, ರಾಕ್ಷಸರು, ಅರಸರು ಯಾರೂ ಇಲ್ಲದೆ, ಊರಿನ ಸಾಮಾನ್ಯ ಜನರನ್ನೇ ಪಾತ್ರಗಳನ್ನಾಗಿ ಅಟ್ಟಕ್ಕೆ, ಅಂದರೆ ರಂಗಕ್ಕೆ, ತಂದ ಉತ್ತರ ಕರ್ನಾಟಕದ ಬಯಲಾಟಗಳಲ್ಲಿ ಬಹು ಹೆಸರಾದದ್ದು. ಇದನ್ನು ಕಟ್ಟಿದವರು ಬೈಲಹೊಂಗಲ ಸೀಮೆಯ ಪತ್ತಾರ ಮಾಸ್ತರರು. ಬೈಲಹೊಂಗಲದಿಂದ ಹೊರಟ ಈ ಆಟ ಗೋಕಾಕ, ಸವದತ್ತಿ, ಅಥಣಿ, ರಾಯಬಾಗ, ಚಿಕ್ಕೋಡಿಗಳನ್ನೊಳಗೊಂಡ ಸಣ್ಣಾಟದ ಸೀಮೆಗೆಲ್ಲ ಪರಿಚಿತವಾಯಿತು. ಮುಂದೆ ಆಧುನಿಕ ರಂಗಭೂಮಿಗೂ ಸಿನಿಮಾಕ್ಕೂ ವಸ್ತುವಾಯಿತು.

ಕಥೆ

ಸಂಗ್ಯಾ ಸಿರಿವಂತ ತರುಣ. ಬಾಳ್ಯಾ ಅವನ ಜೀವದ ಗೆಳೆಯ. ವ್ಯಾಪಾರಿ ಈರಣ್ಣನ ಹೆಂಡತಿ ಗಂಗಿಯನ್ನು ಕಂಡ ಸಂಗ್ಯಾ ಅವಳಿಗೆ ಮರುಳಾಗುತ್ತಾನೆ. ಗೆಳೆಯನ ಬಯಕೆ ತೀರಿಸಲು ಬಾಳ್ಯಾ ಮುಂದಾಗುತ್ತಾನೆ. ಪಾರಮ್ಮನೆಂಬ ಮುದುಕಿ ಇಬ್ಬರ ನಡುವೆ ಓಡಾಡಿ ಮಾತು ಹೊಂದಿಸುತ್ತಾಳೆ. ಮೊದಲು ಬೈದು ಕಳಿಸಿದ ಗಂಗಿ ಕೊನೆಗೆ ಒಲಿಯುತ್ತಾಳೆ. ವ್ಯಾಪಾರಕ್ಕೆಂದು ಪರವೂರಿಗೆ ಹೋಗುವ ಈರಣ್ಣನಿಗೂ ಅವನ ತಮ್ಮಂದಿರಿಗೂ ಸಂಗತಿ ತಿಳಿಯುತ್ತದೆ. ಅವರು ಬಾಳ್ಯಾನನ್ನೇ ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಗೆಳೆಯನನ್ನು ನಂಬಿ ಬಂದ ಸಂಗ್ಯಾ ಹಗೆಗಳ ಕೈಗೆ ಸಿಕ್ಕು ಸಾಯುತ್ತಾನೆ.

ಕೊಂದವರು ಯಾರೆಂಬುದು ಇಲ್ಲಿ ಗುಟ್ಟಲ್ಲ. ಆಟ ನೋಡಲು ಕೂತ ಮಂದಿಗೆ ಅಂತ್ಯ ಮೊದಲೇ ಗೊತ್ತು. ಹೆಸರಿನಲ್ಲಿ ಜೋಡಿಯಾಗಿರುವವರೂ ಕೊಲೆಯಾದವನು ಮತ್ತು ಕೊಲೆಗೆ ಒಪ್ಪಿಸಿದವನು. ಕೈಯೆತ್ತಿ ಕೊಂದವರಿಗೆ ಅಲ್ಲಿ ಜಾಗವಿಲ್ಲ. ಹೀಗಾಗಿ ಆಟದ ಬಿಗಿಯೆಲ್ಲ ನಿಂತಿರುವುದು ಗೆಳೆತನ ಯಾವ ಗಳಿಗೆಯಲ್ಲಿ, ಯಾವ ಮಾತಿಗೆ ಮುರಿಯಿತು ಎಂಬುದರ ಮೇಲೆ.

ಲಾವಣಿಯ ಹಿನ್ನೆಲೆ

ನಡೆದ ಘಟನೆಯನ್ನು ಹಾಡು ಕಟ್ಟಿ ಊರೂರಿಗೆ ಮುಟ್ಟಿಸುವುದು ಬೆಳಗಾವಿ ಸೀಮೆಯಲ್ಲಿ ಹಳೆಯ ರೂಢಿ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಮೇಲೆ, 1857ರಲ್ಲಿ ಬಂಡೆದ್ದ ಹಲಗಲಿ ಬೇಡರ ಮೇಲೆ ಲಾವಣಿಗಳು ಹುಟ್ಟಿದವು. ಶಾಸನತಜ್ಞ ಜೆ. ಎಫ್. ಫ್ಲೀಟ್ ಇಂಥ ಲಾವಣಿಗಳನ್ನು ಸಂಗ್ರಹಿಸಿ, 1885ರಿಂದ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸತೊಡಗಿದ. ಸಂಗ್ಯಾನ ಅಪರಾಧ ಮತ್ತು ಸಾವನ್ನು ಹೇಳುವ ಲಾವಣಿಯೂ ಆ ಮಾಲೆಯಲ್ಲಿದೆ. ಅಂದರೆ ಹತ್ತೊಂಬತ್ತನೆಯ ಶತಮಾನದಲ್ಲೇ ಈ ಕೊಲೆ ಹಾಡಾಗಿ ಜನರ ಬಾಯಲ್ಲಿತ್ತು. ರಾಯಣ್ಣನನ್ನು ಹಾಡಿದ ಜನವೇ ಊರ ಜಗಳದಲ್ಲಿ ಸತ್ತ ಸಂಗ್ಯಾನನ್ನೂ ಹಾಡಿದರು. ಒಬ್ಬನದು ನಾಡಿನ ಕಥೆ, ಇನ್ನೊಬ್ಬನದು ಓಣಿಯ ಕಥೆ. ಲಾವಣಿಕಾರನಿಗೆ ಎರಡೂ ಹಾಡಲು ತಕ್ಕವೇ.

ಲಾವಣಿಯಲ್ಲಿ ಹಾಡುವವನೇ ಕಥೆ ಹೇಳಿ ತೀರ್ಪನ್ನೂ ಕೊಡಬಲ್ಲ. ಸಣ್ಣಾಟದಲ್ಲಿ ಪ್ರತಿ ಪಾತ್ರಕ್ಕೂ ತನ್ನ ಹಾಡು, ತನ್ನ ಮಾತು. ಗಂಗಿ ತನ್ನ ಪರವಾಗಿ ತಾನೇ ಮಾತಾಡುತ್ತಾಳೆ. ಈರಣ್ಣನ ಅವಮಾನಕ್ಕೂ ಬಾಳ್ಯಾನ ಹೊಯ್ದಾಟಕ್ಕೂ ಬಾಯಿ ಬರುತ್ತದೆ. ಅಪರಾಧಿಯ ಕಥೆ ನಾಲ್ಕಾರು ಮನುಷ್ಯರ ಕಥೆಯಾದದ್ದು ಹೀಗೆ.

ಸಣ್ಣಾಟದ ಚೌಕಟ್ಟು

ಉತ್ತರ ಕರ್ನಾಟಕದ ಬಯಲಾಟಗಳಲ್ಲಿ ದೊಡ್ಡಾಟ, ಸಣ್ಣಾಟ ಎಂಬ ಎರಡು ಕವಲುಗಳಿವೆ. ದೊಡ್ಡಾಟದ್ದು ಪುರಾಣದ ವಸ್ತು, ಕಿರೀಟ ಭುಜಕೀರ್ತಿಗಳ ವೇಷ, ಬಿರುಸಾದ ಕುಣಿತ. ಸಣ್ಣಾಟ ಇವುಗಳ ಭಾರವನ್ನು ಇಳಿಸಿಕೊಂಡ ಪ್ರಕಾರ: ಧೋತರ, ಅಂಗಿ, ರುಮಾಲು, ಸೀರೆಗಳೇ ವೇಷ, ಹಾಡು ಮತ್ತು ಮಾತೇ ಬಂಡವಾಳ. ರಾಧಾನಾಟ, ಶ್ರೀಕೃಷ್ಣ ಪಾರಿಜಾತ, ದಾಸರಾಟಗಳನ್ನೂ ವಿದ್ವಾಂಸರು ಈ ಕವಲಿನಲ್ಲೇ ಸೇರಿಸುತ್ತಾರೆ. ಪಾರಿಜಾತದಲ್ಲಿ ಕೃಷ್ಣ, ಸತ್ಯಭಾಮೆ, ರುಕ್ಮಿಣಿಯರು ಹಳ್ಳಿಯ ಗಂಡಹೆಂಡಿರಂತೆ ಜಗಳವಾಡುತ್ತಾರೆ. ಸಂಗ್ಯಾ-ಬಾಳ್ಯಾದಲ್ಲಿ ಆ ದೇವರ ಹೆಸರುಗಳೂ ಹೋಗಿ ಹಳ್ಳಿಯವರಷ್ಟೇ ಉಳಿದರು.

ಗಣಪತಿಯ ಸ್ತುತಿಯಿಂದ ಆರಂಭವಾಗಿ ಮಂಗಳಾರತಿಯೊಂದಿಗೆ ಮುಗಿಯುವ ಆಟ ರಾತ್ರಿಯಿಡೀ ನಡೆಯುತ್ತದೆ. ಪಾತ್ರಧಾರಿ ಹಾಡಿದ ಸಾಲನ್ನು ಹಿಮ್ಮೇಳ ಎತ್ತಿಕೊಂಡು ಏರಿಸುತ್ತದೆ. ಡಪ್ಪು, ತಾಳಗಳ ಜೊತೆ ಮುಂದೆ ಹಾರ್ಮೋನಿಯಂ, ತಬಲಾ ಸೇರಿದವು. ಹಾಡುಗಳು ಕಟ್ಟಿದಂತೆ ಉಳಿದು, ನಡುವಿನ ಮಾತು ಪಾತ್ರಧಾರಿಯ ಜಾಣ್ಮೆಗೆ ಬಿಟ್ಟದ್ದಾಗಿರುತ್ತದೆ. ಆದ್ದರಿಂದ ಒಂದೇ ಆಟ ಊರಿಂದೂರಿಗೆ ಬೇರೆ ಬಣ್ಣ ಪಡೆಯುತ್ತದೆ. ನಡುವೆ ಆಟ ನಿಲ್ಲಿಸಿ, ಮೆಚ್ಚಿದವರು ಕೊಟ್ಟ ಆಹೇರನ್ನು ಹೆಸರು ಹಿಡಿದು ಸಾರುವುದೂ ಉಂಟು.

ಸುಗ್ಗಿ ಮುಗಿದ ಬಿಡುವಿನ ದಿನಗಳು ಮತ್ತು ಜಾತ್ರೆಗಳು ಇಂಥ ಆಟಗಳ ಕಾಲ. ಅಥಣಿ ತಾಲೂಕಿನ ಕೊಕಟನೂರದಲ್ಲಿ ಚಳಿಗಾಲದಲ್ಲಿ ನೆರೆಯುವ ಯಲ್ಲಮ್ಮನ ಜಾತ್ರೆಯಂಥವು ಕನ್ನಡ, ಮರಾಠಿ ಎರಡೂ ನುಡಿಯ ಭಕ್ತರನ್ನು ಒಂದೆಡೆ ತರುತ್ತವೆ. ಅಥಣಿ, ಕಾಗವಾಡ, ನಿಪ್ಪಾಣಿಗಳ ಗಡಿಪಟ್ಟಿಯಲ್ಲಿ ಕನ್ನಡದ ಲಾವಣಿ, ಗೀಗೀ ಪದ, ಸಣ್ಣಾಟಗಳು ಮರಾಠಿಯ ತಮಾಷಾದ ನೆರೆಯಲ್ಲೇ ಬೆಳೆದವು. ಈ ಕೊಡುಕೊಳೆ ಒಮ್ಮುಖವಾಗಿರಲಿಲ್ಲ. ಕಾಗವಾಡಕ್ಕೆ ಹತ್ತಿರದ ಸಾಂಗ್ಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆ ಆಡಿಸಿದ ಸೀತಾಸ್ವಯಂವರದಿಂದ ಮರಾಠಿ ನಾಟಕದ ಚರಿತ್ರೆ ಶುರುವಾಗುತ್ತದೆ; ಅದಕ್ಕೆ ಪ್ರೇರಣೆಯಾದದ್ದು ಕರ್ನಾಟಕದಿಂದ ಅಲ್ಲಿಗೆ ಹೋದ ಭಾಗವತರ ಮೇಳ.

ಪಾತ್ರಧಾರಿಗಳು

ಸಣ್ಣಾಟದ ಕಲಾವಿದರಲ್ಲಿ ಬಹುತೇಕರು ಹಗಲು ಹೊಲದಲ್ಲೋ ಮಗ್ಗದಲ್ಲೋ ದುಡಿದು, ರಾತ್ರಿ ಮಾಸ್ತರರ ಮುಂದೆ ಹಾಡು ಕಲಿತವರು. ಹೆಣ್ಣುಪಾತ್ರಗಳನ್ನು ಗಂಡಸರು ಕಟ್ಟುತ್ತಿದ್ದ ಕಾಲವಿತ್ತು. ಆದರೆ ದೊಡ್ಡಾಟಕ್ಕಿಂತ ಬೇಗ ಇಲ್ಲಿ ಹೆಂಗಸರು ಅಟ್ಟ ಏರಿದರು. ಕುಲಗೋಡ ತಮ್ಮಣ್ಣ ಬೆಳೆಸಿದ ಪಾರಿಜಾತದ ಪರಂಪರೆಯಲ್ಲಿ ಕೌಜಲಗಿ ನಿಂಗಮ್ಮ ಗಳಿಸಿದ ಕೀರ್ತಿ ಇದಕ್ಕೆ ಸಾಕ್ಷಿ. ಕಲಾವಿದೆಯರಲ್ಲಿ ದೇವದಾಸಿ ಮನೆತನಗಳಿಂದ ಬಂದವರೂ ಇದ್ದರು. ಅಟ್ಟದ ಮೇಲೆ ಮೆಚ್ಚುಗೆ, ಕೆಳಗಿಳಿದರೆ ಕುಹಕ ಎಂಬ ಸ್ಥಿತಿಯಲ್ಲೇ ಅವರು ಕಲೆಯನ್ನು ಉಳಿಸಿದರು.

ಈ ಆಟದ ಪಾತ್ರಗಳು ಬೇರೆ ಬೇರೆ ಬಗೆಯ ಕಸುಬನ್ನು ಬೇಡುತ್ತವೆ. ಸಂಗ್ಯಾನಿಗೆ ಕಂಠ ಮುಖ್ಯ. ವಿರಹದ ಹಾಡು ಸೋತರೆ ಆಟವೇ ಸೋತಂತೆ. ಪಾರಮ್ಮ ನಗಿಸುವ ಪಾತ್ರ. ಆದರೆ ಅವಳ ಚತುರ ಮಾತಿನಲ್ಲೇ ಗಂಗಿಯ ಮನಸ್ಸು ತಿರುಗಬೇಕು. ಗಂಗಿಯ ಪಾತ್ರಧಾರಿ ನಿರಾಕರಣೆ, ಒಲವು, ಅಂಜಿಕೆ ಮೂರನ್ನೂ ಒಂದೇ ರಾತ್ರಿಯಲ್ಲಿ ತೂಗಿಸಬೇಕು. ಎಲ್ಲರಿಗಿಂತ ಕಠಿಣ ಬಾಳ್ಯಾನದು. ಅರ್ಧ ರಾತ್ರಿ ನಗಿಸಿ ಮಂದಿಯ ಮೆಚ್ಚುಗೆ ಗಳಿಸಿದವನೇ ಬೆಳಗಿನ ಜಾವಕ್ಕೆ ಅವರ ಶಾಪಕ್ಕೆ ಗುರಿಯಾಗುತ್ತಾನೆ.

ಅಚ್ಚು, ರಂಗಭೂಮಿ, ಸಿನಿಮಾ

ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಸಂಶೋಧನೆಗೆ ಆರಿಸಿಕೊಂಡರು. ಸಂಗ್ಯಾ-ಬಾಳ್ಯಾದ ಪಠ್ಯವನ್ನು ಸಂಪಾದಿಸಿ ಓದುಗರ ಮುಂದಿಟ್ಟರು; ಅದೇ ವಸ್ತುವನ್ನು ಹೊಸ ರಂಗಭೂಮಿಗೂ ಒಗ್ಗಿಸಿದರು. ಅವರ ಜೋಕುಮಾರಸ್ವಾಮಿ ನಾಟಕದಲ್ಲೂ ಪರಸ್ತ್ರೀಯ ಒಲವು ಮತ್ತು ಕೊಲೆ ಇವೆ. ಆದರೆ ಅಲ್ಲಿ ಸಾಯುವವನು ನೆಲಕ್ಕಾಗಿ ಗೌಡನನ್ನು ಎದುರು ಹಾಕಿಕೊಂಡ ಬಸಣ್ಣ. ಸಣ್ಣಾಟದ ಮನೆತನದ ಜಗಳ ಅಲ್ಲಿ ಉಳುವವನ ಹಕ್ಕಿನ ಜಗಳವಾಗುತ್ತದೆ.

1992ರಲ್ಲಿ ನಟ ಸುಂದರಕೃಷ್ಣ ಅರಸ್ ಸಂಗ್ಯಾ-ಬಾಳ್ಯಾವನ್ನು ಚಲನಚಿತ್ರವಾಗಿ ನಿರ್ದೇಶಿಸಿದರು. ಧಾರವಾಡದ ಗಾಯಕ ಬಸವಲಿಂಗಯ್ಯ ಹಿರೇಮಠ ಮತ್ತು ವಿಶ್ವೇಶ್ವರಿ ಹಿರೇಮಠ ದಂಪತಿಗಳು ಪಾರಿಜಾತದ ಜೊತೆ ಇದನ್ನೂ ಕಲಿಸಿ, ಆಡಿ, ಪಟ್ಟಣದ ಪ್ರೇಕ್ಷಕರಿಗೆ ಮುಟ್ಟಿಸಿದರು.

ಪತ್ತೇದಾರಿ ಕಥನದೊಡನೆ ಹೋಲಿಕೆ

ಹಳ್ಳಿಯ ಕೊಲೆಯನ್ನು ರಂಜನೆಯ ವಸ್ತುವಾಗಿಸಿದ್ದರಲ್ಲಿ ಇಂಗ್ಲೆಂಡಿನ ಚರಿತ್ರೆ ಇದಕ್ಕೆ ಹತ್ತಿರವಾಗಿ ಶುರುವಾಗಿ ಬೇರೆ ಕಡೆಗೆ ಹೊರಳುತ್ತದೆ. 1827ರಲ್ಲಿ ಸಫೋಕ್ ಪ್ರಾಂತದ ಪೋಲ್‌ಸ್ಟೆಡ್ ಹಳ್ಳಿಯಲ್ಲಿ ಮರಿಯಾ ಮಾರ್ಟೆನ್ ಎಂಬ ಯುವತಿಯ ಕೊಲೆಯಾಯಿತು. ಅವಳ ಪ್ರಿಯಕರ ವಿಲಿಯಂ ಕಾರ್ಡರ್‌ನನ್ನು ಮರುವರ್ಷ ಗಲ್ಲಿಗೇರಿಸಿದರು. ಆ ಪ್ರಕರಣ ಹಾಡಾಗಿ, ಜಾತ್ರೆಯ ನಾಟಕವಾಗಿ, ಗೊಂಬೆಯಾಟವಾಗಿ ದಶಕಗಟ್ಟಲೆ ಓಡಿತು. ಅಲ್ಲಿಯೂ ಕೊಂದವನು ಯಾರೆಂದು ನೋಡುವವರಿಗೆ ಗೊತ್ತಿತ್ತು.

ಮುಂದೆ ಪತ್ತೇದಾರಿ ಕಾದಂಬರಿ ಬೆಳೆದಂತೆ ಇಂಗ್ಲೆಂಡಿನ ಹಳ್ಳಿಯ ಕೊಲೆ ಬಿಡಿಸಬೇಕಾದ ಒಗಟಾಯಿತು. 1987ರಿಂದ ಕ್ಯಾರೊಲಿನ್ ಗ್ರಹಾಂ ಬರೆದ ಕಾದಂಬರಿಗಳನ್ನು ಆಧರಿಸಿ 1997ರ ಮಾರ್ಚ್‌ನಲ್ಲಿ ಐಟಿವಿ ವಾಹಿನಿಯಲ್ಲಿ ಆರಂಭವಾದ ಮಿಡ್‌ಸಮರ್ ಮರ್ಡರ್ಸ್ ಧಾರಾವಾಹಿ ಇದರ ಪ್ರಸಿದ್ಧ ಮಾದರಿ. ಮಿಡ್‌ಸಮರ್ ಎಂಬ ಕಲ್ಪಿತ ಪ್ರಾಂತದ ಚೆಲುವಾದ ಹಳ್ಳಿಗಳಲ್ಲಿ ಕೊಲೆಗಳು ನಡೆಯುತ್ತವೆ. ಜಾನ್ ನೆಟಲ್ಸ್ ನಟಿಸಿದ ಟಾಮ್ ಬಾರ್ನಬಿ, 2011ರ ನಂತರ ನೀಲ್ ಡಜನ್ ನಟಿಸುತ್ತಿರುವ ಜಾನ್ ಬಾರ್ನಬಿ ಅವುಗಳ ಗುಟ್ಟು ಒಡೆಯುತ್ತಾರೆ. ನಟ ಬದಲಾದರೂ ಪತ್ತೇದಾರನ ಸ್ಥಾನ ಖಾಲಿಯಾಗಲಿಲ್ಲ. ಇಡೀ ಕಥನ ನಿಂತಿರುವುದೇ ಆ ಸ್ಥಾನದ ಮೇಲೆ.

ಕನ್ನಡದಲ್ಲಿ ಪತ್ತೇದಾರ ಬಂದದ್ದು ಅಚ್ಚಿನ ಮೂಲಕ. ಎನ್. ನರಸಿಂಹಯ್ಯನವರ ನೂರಾರು ಕಾದಂಬರಿಗಳು ಅವನನ್ನು ಸಾಮಾನ್ಯ ಓದುಗರ ಮನೆಮಾತಾಗಿಸಿದವು. ಸಣ್ಣಾಟದ ಅಟ್ಟಕ್ಕೆ ಅವನ ಅಗತ್ಯ ಬೀಳಲಿಲ್ಲ. ಎಲ್ಲರಿಗೂ ಎಲ್ಲವೂ ತಿಳಿದಿರುವ ಊರಿನಲ್ಲಿ ಹುಡುಕಬೇಕಾದ ಕೊಲೆಗಾರನಿಲ್ಲ, ತೂಗಬೇಕಾದ ತಪ್ಪಿದೆ. ಸಂಗ್ಯಾನ ಕಾಮ, ಗಂಗಿಯ ಒಪ್ಪಿಗೆ, ಪಾರಮ್ಮನ ಮಧ್ಯಸ್ಥಿಕೆ, ಈರಣ್ಣನ ಮಾನ, ಬಾಳ್ಯಾನ ದ್ರೋಹ ಇವುಗಳಲ್ಲಿ ಯಾವುದು ಹೆಚ್ಚು ಭಾರದ್ದು ಎಂಬ ತೀರ್ಮಾನವನ್ನು ಆಟ ನೋಡುವವರಿಗೇ ಬಿಡುತ್ತದೆ.

ಸದ್ಯದ ಸ್ಥಿತಿ

ಸಿನಿಮಾ, ಟಿ.ವಿ., ಮೊಬೈಲುಗಳ ನಡುವೆ ರಾತ್ರಿಯಿಡೀ ನಡೆಯುವ ಪ್ರಯೋಗಗಳು ವಿರಳವಾಗಿವೆ. ವೇದಿಕೆಯ ಸಮಯಕ್ಕೆ ತಕ್ಕಂತೆ ಆಟವನ್ನು ಎರಡು-ಮೂರು ಗಂಟೆಗಿಳಿಸಿ ಆಡುವುದು ರೂಢಿಯಾಗಿದೆ. ಬಾಗಲಕೋಟೆಯಲ್ಲಿರುವ ಕರ್ನಾಟಕ ಬಯಲಾಟ ಅಕಾಡೆಮಿಯ ವ್ಯಾಪ್ತಿಯಲ್ಲಿ ದೊಡ್ಡಾಟ, ಪಾರಿಜಾತಗಳೊಡನೆ ಸಣ್ಣಾಟವೂ ಸೇರಿದೆ. ಸಂಕ್ಷೇಪಿಸಿದಾಗ ಹಾಡುಗಳು ಉಳಿಯುತ್ತವೆ. ಮೊದಲು ಕತ್ತರಿ ಬೀಳುವುದು ಕಲಾವಿದರು ನಿಂತಲ್ಲೇ ಕಟ್ಟುವ ಮಾತಿಗೆ. ಬಾಳ್ಯಾನ ಮನಸ್ಸು ತಿರುಗುವುದನ್ನು ತೋರಿಸಬೇಕಾದದ್ದೂ ಆ ಮಾತೇ ಆದ್ದರಿಂದ, ಚಿಕ್ಕದಾದ ಆಟದಲ್ಲಿ ಕೊಲೆ ಉಳಿದು ದ್ರೋಹದ ಕಾರಣ ಮಸುಕಾಗುವ ಅಪಾಯವಿದೆ.